ಎರಡನೇ ದಾಖಲೆ ಬಂದೇ ಬರುತ್ತದೆ, ಆದರೆ ಸರಾಸರಿ ಕಾಯುವ ಅವಧಿ ಅನಂತ! ಇದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು?

ಕೊಣಾಜೆಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ. ಸಂಭವನೀಯತೆಯ ತರಗತಿಯಲ್ಲಿ ಬಂದ ಒಂದು ಲೆಕ್ಕ ತಲೆಯಲ್ಲೇ ಕುಳಿತುಬಿಟ್ಟಿದೆ. ಲೆಕ್ಕ ಬಿಡಿಸಲು ಬರುತ್ತದೆ, ಉತ್ತರವನ್ನು ಮನಸ್ಸು ಒಪ್ಪುತ್ತಿಲ್ಲ.

ಮಂಗಳೂರಿನಲ್ಲಿ ಪ್ರತಿ ವರ್ಷ ಬೀಳುವ ಒಟ್ಟು ಮಳೆಯನ್ನು ಬರೆದಿಡುತ್ತಾ ಹೋಗುತ್ತೇವೆ ಎಂದುಕೊಳ್ಳಿ. ಒಂದು ವರ್ಷದ ಮಳೆಗೂ ಇನ್ನೊಂದು ವರ್ಷದ್ದಕ್ಕೂ ಸಂಬಂಧವಿಲ್ಲ, ಎಲ್ಲ ವರ್ಷಕ್ಕೂ ಒಂದೇ ವಿತರಣೆ (ಎಷ್ಟು ಮಳೆಗೆ ಎಷ್ಟು ಸಂಭವನೀಯತೆ ಎಂಬ ಹಂಚಿಕೆ), ಎರಡು ವರ್ಷ ಸರಿಸಮ ಮಳೆ ಬೀಳುವ ಸಂಭವನೀಯತೆ ಸೊನ್ನೆ. ಹಿಂದಿನ ಎಲ್ಲ ವರ್ಷಗಳಿಗಿಂತ ಹೆಚ್ಚು ಮಳೆ ಬಂದರೆ ಆ ವರ್ಷ ದಾಖಲೆ. ಮೊದಲ ವರ್ಷ ಹೇಗೂ ದಾಖಲೆಯೇ. ಎರಡನೇ ದಾಖಲೆ ಎಷ್ಟನೇ ವರ್ಷ?

ಎನ್ ವರ್ಷ ಕಳೆದರೂ ಅದು ಬಂದಿಲ್ಲವೆಂದರೆ, ಆ ಎನ್ ವರ್ಷಗಳಲ್ಲಿ ಮೊದಲ ವರ್ಷದ ಮಳೆಯೇ ಗರಿಷ್ಠ. ಯಾವ ವರ್ಷ ಗರಿಷ್ಠವಾಗಲೂ ಸಮಾನ ಅವಕಾಶವಿರುವುದರಿಂದ ಇದರ ಸಂಭವನೀಯತೆ 1/ಎನ್. ಎನ್ ಬೆಳೆದಂತೆ ಇದು ಸೊನ್ನೆಗೆ ಹೋಗುತ್ತದೆ, ಅಂದರೆ ಎರಡನೇ ದಾಖಲೆ ಬಂದೇ ಬರುತ್ತದೆ. ಆದರೆ ಸರಾಸರಿ ತೆಗೆಯಲು ಇವನ್ನೇ ಕೂಡಿಸಬೇಕು: 1 + 1 + 1/2 + 1/3 + 1/4 + … ಇದು ಹರಾತ್ಮಕ ಶ್ರೇಢಿ, ಮೊತ್ತ ಅನಂತ. ಖಂಡಿತ ಬರುವ ಅತಿಥಿಗೆ ಸರಾಸರಿ ಅನಂತ ಕಾಲ ಕಾಯಬೇಕು ಎಂದರೆ ಏನರ್ಥ? ಇನ್ನೊಂದು ಸಂಶಯ: ಮಳೆಯ ವಿತರಣೆ ಯಾವುದು ಎಂದು ಈ ಲೆಕ್ಕದಲ್ಲಿ ಎಲ್ಲೂ ಕೇಳಲೇ ಇಲ್ಲವಲ್ಲ?

ನಿವೃತ್ತ ಉಪನ್ಯಾಸಕ, ಉಡುಪಿ

ಒಳ್ಳೆಯ ಪ್ರಶ್ನೆ ತಂಗೀ. ಸರಾಸರಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ವಿತರಣೆಯನ್ನೇ ಕಣ್ಣೆದುರು ಇಟ್ಟುಕೊಳ್ಳಿ. ಎರಡನೇ ದಾಖಲೆ ಎನ್‌ನೇ ವರ್ಷವೇ ಬರುವ ಸಂಭವನೀಯತೆ 1/(ಎನ್−1) − 1/ಎನ್. ಅಂದರೆ ಎರಡನೇ ವರ್ಷವೇ ಬರಲು 1/2, ಮೂರನೆಯದರಲ್ಲಿ 1/6, ನಾಲ್ಕನೆಯದರಲ್ಲಿ 1/12. ಅರ್ಧಕ್ಕರ್ಧ ಸಲ ಒಂದೇ ವರ್ಷದಲ್ಲಿ ಕೆಲಸ ಮುಗಿಯುತ್ತದೆ. ಹತ್ತು ವರ್ಷದೊಳಗೆ ಬರುವ ಸಂಭವನೀಯತೆ 90 ಪ್ರತಿಶತ, ನೂರು ವರ್ಷದೊಳಗೆ 99 ಪ್ರತಿಶತ.

ಸರಾಸರಿಯನ್ನು ಅನಂತಕ್ಕೆ ಎಳೆಯುವುದು ಉಳಿದ ಆ ಒಂದು ಪ್ರತಿಶತ. ಮೊದಲ ವರ್ಷವೇ ಅಸಾಧಾರಣ ಮಳೆ ಸುರಿದಿದ್ದರೆ ಅದನ್ನು ಮೀರಿಸಲು ಸಾವಿರ ವರ್ಷ, ಹತ್ತು ಸಾವಿರ ವರ್ಷ ಹಿಡಿಯಬಹುದು. ಅಂಥ ಪ್ರಸಂಗ ಅಪರೂಪ, ಆದರೆ ಅಪರೂಪವಾಗುವ ವೇಗ ಸಾಲದು: ಸಂಭವನೀಯತೆ ಎನ್ ವರ್ಗದ ವಿಲೋಮದಂತೆ ಇಳಿಯುತ್ತದೆ, ಕಾಯುವ ಅವಧಿ ಎನ್‌ನಂತೆ ಏರುತ್ತದೆ, ಗುಣಿಸಿದರೆ ಉಳಿಯುವುದು 1/ಎನ್. ಕೆಡುಕಿನ ಮೂಲ ಇಲ್ಲಿದೆ.

ಆ ಅನಂತ ಎಷ್ಟು ನಿಧಾನದ್ದು ಎಂಬುದನ್ನೂ ನೋಡಿ. ನೂರು ವರ್ಷಕ್ಕೆ ಕಾಯುವುದನ್ನು ನಿಲ್ಲಿಸುತ್ತೇವೆ ಎಂದು ನಿಯಮ ಮಾಡಿಕೊಂಡರೆ ಸರಾಸರಿ ಕೇವಲ 6.18 ವರ್ಷ. ಮಿತಿಯನ್ನು ಹತ್ತು ಪಟ್ಟು ಹೆಚ್ಚಿಸಿದರೆ ಸರಾಸರಿಗೆ ಸೇರುವುದು ಸುಮಾರು 2.3, ಅಷ್ಟೇ. ಲಾಗರಿದಮ್ಮಿನ ನಡಿಗೆ ಅದು. ‘ಬರುತ್ತದೆಯೇ’ ಮತ್ತು ‘ಸರಾಸರಿ ಎಷ್ಟು ಕಾಯಬೇಕು’ ಎಂಬವು ಎರಡು ಬೇರೆ ಪ್ರಶ್ನೆಗಳು. ಒಂದರ ಉತ್ತರದಿಂದ ಇನ್ನೊಂದನ್ನು ಊಹಿಸಲು ಹೋಗಬಾರದು.

ಎರಡನೇ ಸಂಶಯಕ್ಕೆ: ದಾಖಲೆ ಎಂಬುದಕ್ಕೆ ಮಿಲಿಮೀಟರ್ ಬೇಕಿಲ್ಲ, ಯಾವುದು ಯಾವುದಕ್ಕಿಂತ ಹೆಚ್ಚು ಎಂಬ ಕ್ರಮ ಸಾಕು. ಎನ್ ವರ್ಷಗಳ ಮಳೆಯನ್ನು ಹೋಲಿಸಿದಾಗ ಆಗಬಹುದಾದ ಎಲ್ಲ ಕ್ರಮಗಳೂ ಸಮಸಂಭವ. ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಂಗಳೂರಿಗೂ ಏಳು ಸಾವಿರ ದಾಟುವ ಆಗುಂಬೆಗೂ ದಾಖಲೆಗಳ ಗಣಿತ ಒಂದೇ.

ಸುರತ್ಕಲ್ ಇಂಜಿನಿಯರ್

ಸರ್, ಇಲ್ಲಿ ನನಗೊಂದು ತಕರಾರಿದೆ. ಎನ್‌ನೇ ವರ್ಷ ದಾಖಲೆಯಾಗುವ ಸಂಭವನೀಯತೆ 1/ಎನ್ ಎಂಬುದು ಸರಿ. ಆದರೆ ಪುಸ್ತಕಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇರೆ ಬೇರೆ ವರ್ಷಗಳ ದಾಖಲೆಗಳು ಪರಸ್ಪರ ಸ್ವತಂತ್ರ ಎನ್ನುತ್ತವೆ. ಈ ವರ್ಷ ದಾಖಲೆ ಮಳೆ ಬಂತು ಎಂದರೆ ಮುಂದಿನ ವರ್ಷ ಮೀರಿಸಬೇಕಾದ ಎತ್ತರವೇ ಏರಿತಲ್ಲ? ಮುಂದಿನ ದಾಖಲೆ ಕಷ್ಟವಾಗಬೇಕಲ್ಲವೇ?

ಮಣಿಪಾಲದ ಸಂಶೋಧಕಿ

ಈ ತಕರಾರು ಎತ್ತಲೇಬೇಕಾದದ್ದು. ಎಷ್ಟು ಮಳೆ ಬಂತು ಎಂಬ ಸಂಖ್ಯೆ ನಿಮಗೆ ಗೊತ್ತಿದ್ದರೆ ನೀವು ಹೇಳುವುದು ನಿಜ. ಸಂಖ್ಯೆ ಹೇಳದೆ ‘ಈ ವರ್ಷ ದಾಖಲೆ’ ಎಂದಷ್ಟೇ ಹೇಳಿದರೆ ಸಂಗತಿ ಬೇರೆ. ಇದುವರೆಗಿನ ಗರಿಷ್ಠ ಮಳೆ ಯಾವುದೋ ಒಂದು ವರ್ಷ ಬಂದಿರಲೇಬೇಕು. ಅದು ಈ ವರ್ಷವೋ ಮೂವತ್ತು ವರ್ಷದ ಹಿಂದೆಯೋ ಎಂಬುದರಿಂದ ಆ ಗರಿಷ್ಠದ ಎತ್ತರ ಬದಲಾಗುವುದಿಲ್ಲ. ಮೀರಿಸಬೇಕಾದ ಗುರಿ ಎರಡೂ ಸಂದರ್ಭದಲ್ಲಿ ಒಂದೇ ವಿತರಣೆಯದ್ದು.

ಪೂರ್ತಿ ಸಾಧನೆ ಬೇಕಿದ್ದರೆ ಹೀಗೆ. ಕೆನೇ ವರ್ಷದ ಮಳೆಗೆ ಮೊದಲ ಕೆ ವರ್ಷಗಳಲ್ಲಿ ಎಷ್ಟನೇ ಸ್ಥಾನ ಎಂದು ಬರೆಯಿರಿ. ಆ ಸಂಖ್ಯೆ 1ರಿಂದ ಕೆವರೆಗೆ ಯಾವುದಾದರೂ ಆಗಬಹುದು. ಎನ್ ವರ್ಷಗಳ ಇಂಥ ಸ್ಥಾನಪಟ್ಟಿಗಳು ಒಟ್ಟು 1 × 2 × 3 × … × ಎನ್. ಕ್ರಮಯೋಜನೆಗಳೂ, ಅಂದರೆ ಎನ್ ವರ್ಷಗಳ ಮಳೆ ಹೆಚ್ಚು ಕಡಿಮೆಯ ಪ್ರಕಾರ ಬರಬಹುದಾದ ಕ್ರಮಗಳೂ, ಅಷ್ಟೇ. ಪಟ್ಟಿ ಕೊಟ್ಟರೆ ಕ್ರಮಯೋಜನೆಯನ್ನು ಮರಳಿ ಕಟ್ಟಬಹುದು, ಆದ್ದರಿಂದ ಒಂದಕ್ಕೊಂದು ಸರಿಯಾಗಿ ಹೊಂದುತ್ತವೆ. ಕ್ರಮಯೋಜನೆಗಳು ಸಮಸಂಭವ, ಹಾಗಾಗಿ ಪಟ್ಟಿಗಳೂ ಸಮಸಂಭವ, ಹಾಗಾಗಿ ಸ್ಥಾನಗಳು ಪರಸ್ಪರ ಸ್ವತಂತ್ರ. ದಾಖಲೆ ಎಂದರೆ ಸ್ಥಾನ 1. ಮುಗಿಯಿತು. ಇದನ್ನು 1962ರಲ್ಲಿ ಆಲ್ಫ್ರೆಡ್ ರೆನ್ಯಿ ಸ್ಪಷ್ಟವಾಗಿ ಬರೆದಿಟ್ಟರು. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ಬಲವಾದ ಫಲಿತಾಂಶ ಸಿಗುವುದು ಬಹಳ ಅಪರೂಪ.

ಸ್ವಾತಂತ್ರ್ಯ ಕೈಗೆ ಬಂದ ಮೇಲೆ ಬೊರೆಲ್–ಕ್ಯಾಂಟೆಲಿಯ ಎರಡನೇ ಪ್ರಮೇಯ ಹಚ್ಚಬಹುದು: 1/ಎನ್‌ಗಳ ಮೊತ್ತ ಅನಂತ, ಆದ್ದರಿಂದ ದಾಖಲೆಗಳು ಅನಂತ ಸಲ ಬರುತ್ತವೆ. ಆದರೆ ಅವು ಎಷ್ಟು ವಿರಳ ನೋಡಿ. ನೂರು ವರ್ಷದಲ್ಲಿ ನಿರೀಕ್ಷಿತ ದಾಖಲೆಗಳು 5.19, ಮಾನಕ ವಿಚಲನೆ (ಸರಾಸರಿಯ ಸುತ್ತ ಸಾಮಾನ್ಯವಾಗಿ ಕಾಣುವ ಏರಿಳಿತದ ಅಳತೆ) 1.88. ಸಾವಿರ ವರ್ಷದಲ್ಲಿ 7.49. ಎನ್ ವರ್ಷದ ದಾಖಲೆಗಳ ಸಂಖ್ಯೆಯನ್ನು ಎನ್‌ನ ಸ್ವಾಭಾವಿಕ ಲಾಗರಿದಮ್ಮಿನಿಂದ ಭಾಗಿಸಿದರೆ ಅದು 1 ಸಂಭವನೀಯತೆಯೊಂದಿಗೆ 1ಕ್ಕೆ ಹೋಗುತ್ತದೆ. ವಿಶ್ಲೇಷಣೆ ಓದುವವರಿಗೆ ಇದರ ಸಾಧನೆ ರುಚಿಸುತ್ತದೆ: ಕೆನೇ ಪದದ ವೇರಿಯನ್ಸ್ 1/ಕೆಗಿಂತ ಕಡಿಮೆ, ಅದನ್ನು (ಲಾಗ್ ಕೆ)ಯ ವರ್ಗದಿಂದ ಭಾಗಿಸಿದರೆ ಮೊತ್ತ ಪರಿಮಿತ. ಆಗ ಕೊಲ್ಮೊಗೊರೊವ್ ಪ್ರಮೇಯದಿಂದ ಯಾದೃಚ್ಛಿಕ ಶ್ರೇಢಿ ಒಂದು ಮಿತಿಗೆ ನಿಲ್ಲುತ್ತದೆ, ಕ್ರೋನೆಕರ್ ಲೆಮ್ಮಾ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಕಾರ್ಕಳದ ಕಂಬಳ ಪ್ರೇಮಿ

ಗಣಿತ ನನಗೆ ಪಿಯುಸಿ ಮಟ್ಟಿನದು. ಆದರೆ ದಾಖಲೆ ಎಂದಾಗ ಸುಮ್ಮನಿರಲಾಗಲಿಲ್ಲ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣಗಳು ಓಡುವ ಕೆಸರುಗದ್ದೆಯ ಹಾದಿ) 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಗೊತ್ತು. ಅದೇ ತಿಂಗಳು ವೇಣೂರಿನಲ್ಲಿ ಅದನ್ನೂ ಮೀರಿಸಿದ ಓಟದ ಸುದ್ದಿ ಬಂತು. ನಿಮ್ಮ ಲೆಕ್ಕದ ಪ್ರಕಾರ ದಾಖಲೆಗಳು ಕಾಲ ಹೋದಂತೆ ವಿರಳವಾಗಬೇಕು. ಕಂಬಳ ಇಂದು ನಿನ್ನೆಯದಲ್ಲವಲ್ಲ ಮಾರಾಯರೇ?

ಮಣಿಪಾಲದ ಸಂಶೋಧಕಿ

ಅಣ್ಣಾ, ನಿಮ್ಮ ಉದಾಹರಣೆ ಈ ಪ್ರಮೇಯದ ನಿಜವಾದ ಉಪಯೋಗವನ್ನು ತೋರಿಸುತ್ತದೆ. ಕಂಬಳದಲ್ಲಿ ಕೋಣಗಳ ಸಾಕಣೆ, ಓಟಗಾರರ ತರಬೇತಿ, ಸಮಯ ಅಳೆಯುವ ಸಾಧನ ಎಲ್ಲವೂ ಬದಲಾಗುತ್ತಾ ಬಂದಿವೆ. ಕರೆಗಳ ಉದ್ದವೂ ಊರಿಂದೂರಿಗೆ ಬೇರೆ. ‘ಎಲ್ಲಕ್ಕೂ ಒಂದೇ ವಿತರಣೆ’ ಎಂಬ ಷರತ್ತು ಅಲ್ಲಿ ನಿಲ್ಲುವುದಿಲ್ಲ. ಷರತ್ತು ನಿಂತಿದ್ದರೆ ಎಷ್ಟು ದಾಖಲೆ ಬರಬೇಕಿತ್ತು ಎಂದು ಪ್ರಮೇಯ ಹೇಳುತ್ತದೆ. ಅದಕ್ಕಿಂತ ತೀರಾ ಹೆಚ್ಚು ಬಂದರೆ ಏನೋ ಬದಲಾಗುತ್ತಿದೆ ಎಂದು ತಿಳಿಯಬೇಕು. ನೂರು ವರ್ಷದ ಒಂದು ಮಾಹಿತಿ ಸಾಲಿನಲ್ಲಿ ಹನ್ನೆರಡು ದಾಖಲೆ ಕಂಡರೆ ಅದು ನಿರೀಕ್ಷೆಗಿಂತ ಮೂರೂವರೆ ಮಾನಕ ವಿಚಲನೆಗೂ ಹೆಚ್ಚು ದೂರ. ಆಕಸ್ಮಿಕ ಎಂದು ತಳ್ಳಿಹಾಕಲು ಬರುವುದಿಲ್ಲ. ಅರಬ್ಬೀ ಸಮುದ್ರ ಬಿಸಿಯಾಗುತ್ತಿರುವ ಈ ಕಾಲದಲ್ಲಿ ನಮ್ಮ ಕರಾವಳಿಯ ಮಳೆಗೂ ಈ ಪರೀಕ್ಷೆ ಹಚ್ಚಿ ನೋಡುವುದು ಅಗತ್ಯ. ವಿತರಣೆ ಯಾವುದು ಎಂದು ಊಹಿಸದೆಯೇ ಹಚ್ಚಬಹುದು ಎಂಬುದು ಇದರ ದೊಡ್ಡ ಗುಣ.

ಕೊಣಾಜೆಯ ವಿದ್ಯಾರ್ಥಿನಿ

ಹಾಗಾದರೆ ಮೇಡಂ, ಒಂದರ ಹಿಂದೆ ಒಂದು ಎರಡು ವರ್ಷ ದಾಖಲೆ ಬರುವುದು ಅನಂತ ಸಲ ಆಗುತ್ತದೆಯೇ?

ನಿವೃತ್ತ ಉಪನ್ಯಾಸಕ, ಉಡುಪಿ

ಆಗುವುದಿಲ್ಲ. ಎನ್ ಮತ್ತು ಎನ್+1 ಎರಡೂ ದಾಖಲೆಯಾಗುವ ಸಂಭವನೀಯತೆ 1/ಎನ್ × 1/(ಎನ್+1). ಇದು 1/ಎನ್ − 1/(ಎನ್+1)ಕ್ಕೆ ಸಮ. ಕೂಡಿಸುತ್ತಾ ಹೋದರೆ ನಡುವಿನದೆಲ್ಲ ಹೊಡೆದುಹೋಗಿ ಉಳಿಯುವುದು ಸರಿಯಾಗಿ 1. ಮೊತ್ತ ಪರಿಮಿತ, ಬೊರೆಲ್–ಕ್ಯಾಂಟೆಲಿಯ ಮೊದಲನೇ ಪ್ರಮೇಯದಂತೆ ಇಂಥ ಜೋಡಿಗಳು ಪರಿಮಿತ ಸಂಖ್ಯೆಯಲ್ಲಿ ಮಾತ್ರ. ಯುಗಯುಗಾಂತರ ಕಾದರೂ ಜೋಡಿ ದಾಖಲೆಗಳ ನಿರೀಕ್ಷಿತ ಸಂಖ್ಯೆ ಒಂದೇ ಒಂದು! 1/ಎನ್ ಮತ್ತು 1/ಎನ್ ವರ್ಗ ಇವುಗಳ ಅಂತರವನ್ನು ಪದವಿ ತರಗತಿಯಲ್ಲಿ ಒಣ ಪರೀಕ್ಷೆಯಂತೆ ಕಲಿಸಿಬಿಡುತ್ತೇವೆ. ಅದರ ಜೀವ ಇಲ್ಲಿದೆ.

ಮಣಿಪಾಲದ ಸಂಶೋಧಕಿ

ಅದಕ್ಕಿಂತ ಚೆಂದದ್ದು ಇನ್ನೂ ಇದೆ. ಆ ಜೋಡಿಗಳ ಒಟ್ಟು ಸಂಖ್ಯೆಯ ವಿತರಣೆ ಸರಾಸರಿ 1 ಇರುವ ಪಾಯ್ಸಾನ್ ವಿತರಣೆ (ಅಪರೂಪದ ಘಟನೆಗಳ ಎಣಿಕೆಯಲ್ಲಿ ಸಾಮಾನ್ಯವಾಗಿ ಕಾಣುವ ವಿತರಣೆ). ಸುಮಾರಾಗಿ ಅಲ್ಲ, ಕರಾರುವಾಕ್ಕಾಗಿ. ಒಂದೂ ಜೋಡಿ ಬಾರದಿರುವ ಸಂಭವನೀಯತೆ 1/ಇ, ಅಂದರೆ 0.3679 (ಇ ಎಂಬುದು ಸ್ವಾಭಾವಿಕ ಲಾಗರಿದಮ್ಮಿನ ಆಧಾರ ಸಂಖ್ಯೆ, ಸುಮಾರು 2.718).

ಸುರತ್ಕಲ್ ಇಂಜಿನಿಯರ್

ಇದನ್ನು ಹಾಗೆಯೇ ಒಪ್ಪುವುದು ಕಷ್ಟ. (2, 3) ಜೋಡಿಗೂ (3, 4) ಜೋಡಿಗೂ ಮೂರನೇ ವರ್ಷ ಸಮಾನ. ಜೋಡಿಗಳು ಸ್ವತಂತ್ರವಲ್ಲ. ಅಪರೂಪದ ಸ್ವತಂತ್ರ ಘಟನೆಗಳ ಮೊತ್ತ ಪಾಯ್ಸಾನಿಗೆ ಹತ್ತಿರ ಎಂಬುದು ಗೊತ್ತು. ಇಲ್ಲಿ ಸ್ವಾತಂತ್ರ್ಯವೂ ಇಲ್ಲ, ಮೊದಲ ಜೋಡಿಯ ಸಂಭವನೀಯತೆ 1/2, ಅದನ್ನು ಅಪರೂಪ ಎನ್ನಲೂ ಆಗದು. ಕರಾರುವಾಕ್ಕಾಗಿ ಪಾಯ್ಸಾನ್ ಎಲ್ಲಿಂದ ಬಂತು?

ಮಣಿಪಾಲದ ಸಂಶೋಧಕಿ

ವಿಲಿಯಂ ಫೆಲರ್ 1945ರಲ್ಲಿ ತೋರಿಸಿದ ದಾರಿಯಿಂದ ಬಂತು. ಮಳೆಗಾಲದ ಒಂದು ಸಭೆ. ಎನ್ ಜನ ಬಾಗಿಲ ಬಳಿ ಕೊಡೆ ಇಟ್ಟಿದ್ದಾರೆ, ಹೊರಡುವಾಗ ಕರೆಂಟ್ ಇಲ್ಲ, ಪ್ರತಿಯೊಬ್ಬರೂ ಕೈಗೆ ಸಿಕ್ಕಿದ ಕೊಡೆ ಹಿಡಿದು ಹೋಗುತ್ತಾರೆ. ಈಗ ವಿಚಾರಣೆ ಶುರು. ಮೊದಲನೆಯವನ ಕೈಯಲ್ಲಿರುವುದು ಯಾರ ಕೊಡೆ? ಆ ಕೊಡೆಯ ಒಡೆಯನ ಕೈಯಲ್ಲಿ ಯಾರದ್ದು? ಹೀಗೆ ಕೇಳುತ್ತಾ ಹೋದರೆ ಒಮ್ಮೆ ಮೊದಲನೆಯವನ ಕೊಡೆಯೇ ಸಿಕ್ಕಿ ಸುತ್ತು ಮುಗಿಯುತ್ತದೆ. ಆಗ ಉಳಿದವರಲ್ಲಿ ಒಬ್ಬನಿಂದ ಹೊಸ ಸುತ್ತು.

ಯಾವುದೇ ಹಂತದಲ್ಲಿ ಒಡೆಯ ಯಾರೆಂದು ಗೊತ್ತಾಗದ ಕೊಡೆಗಳು ಕೆ ಉಳಿದಿವೆ ಎನ್ನಿ. ಅವುಗಳಲ್ಲಿ ಸುತ್ತನ್ನು ಮುಗಿಸುವ ಕೊಡೆ ಒಂದೇ ಒಂದು. ಆದ್ದರಿಂದ ಆ ಹಂತದಲ್ಲಿ ಸುತ್ತು ಮುಗಿಯುವ ಸಂಭವನೀಯತೆ 1/ಕೆ, ಹಿಂದೆ ಏನೇ ಆಗಿದ್ದರೂ. ನೋಡಿ, ದಾಖಲೆಗಳ ಅದೇ ಸ್ವತಂತ್ರ ಘಟನೆಗಳು, ಎನ್‌ನಿಂದ 1ರ ಕಡೆಗೆ ಹಿಮ್ಮುಖವಾಗಿ! ತನ್ನ ಕೊಡೆಯೇ ತನಗೆ ಸಿಕ್ಕಿದವನು ಎಂದರೆ ಒಂದೇ ಹೆಜ್ಜೆಯ ಸುತ್ತು, ಅಂದರೆ ಅಕ್ಕಪಕ್ಕದ ಎರಡು ಹಂತಗಳಲ್ಲಿ ಸುತ್ತು ಮುಗಿಯಬೇಕು. ಅದು ಜೋಡಿ ದಾಖಲೆಯೇ. ತುದಿಯಲ್ಲಿ ಮಾತ್ರ ಸಣ್ಣ ವ್ಯತ್ಯಾಸ: ಮೊಟ್ಟಮೊದಲ ಹಂತದಲ್ಲೇ ಸುತ್ತು ಮುಗಿದರೆ ಅದಕ್ಕೆ ಹಿಂದಿನ ಜೊತೆಗಾರ ಇಲ್ಲ. ಅದರ ಸಂಭವನೀಯತೆ 1/ಎನ್, ಎನ್ ಬೆಳೆದಂತೆ ಮಾಯವಾಗುತ್ತದೆ.

ತಮ್ಮದೇ ಕೊಡೆ ಸಿಕ್ಕವರ ಸಂಖ್ಯೆ ಪಾಯ್ಸಾನಿಗೆ ಹೋಗುತ್ತದೆ ಎಂಬುದು ಹಳೆಯ ಸಂಗತಿ. ಮೊಂಮೋರ್ 1708ರಲ್ಲಿ ಇಸ್ಪೀಟಿನ ಆಟವೊಂದರ ನೆಪದಲ್ಲಿ ಎತ್ತಿದ ಪ್ರಶ್ನೆಯಿಂದ ಅದು ಬೆಳೆದು ಬಂದಿದೆ. ಮಳೆಯ ದಾಖಲೆಗಳ ಜೋಡಿ ಮತ್ತು ಅದಲುಬದಲಾದ ಕೊಡೆಗಳು ಒಂದೇ ಲೆಕ್ಕ ಎಂದು ಕಂಡಾಗ ನನಗೆ ರೋಮಾಂಚನವಾಗಿತ್ತು, ಈಗಲೂ ಆಗುತ್ತದೆ.

ಕೊಣಾಜೆಯ ವಿದ್ಯಾರ್ಥಿನಿ

ನಾಲ್ಕು ವರ್ಷಕ್ಕೆ ಕೈಯಲ್ಲೇ ಮಾಡಿ ನೋಡಿದೆ. ಒಟ್ಟು 24 ಕ್ರಮಗಳು. ಜೋಡಿ ಬರಬಾರದು ಎಂದರೆ ಎರಡನೇ ವರ್ಷ ದಾಖಲೆ ಆಗಕೂಡದು, ಏಕೆಂದರೆ ಮೊದಲನೆಯದು ಹೇಗೂ ದಾಖಲೆ. ಅಲ್ಲಿಗೆ 12 ಉಳಿಯಿತು. ಇವುಗಳಲ್ಲಿ ಮೂರು ಮತ್ತು ನಾಲ್ಕು ಎರಡೂ ದಾಖಲೆಯಾಗುವುದು ಒಂದೇ ಕ್ರಮದಲ್ಲಿ: 2, 1, 3, 4. ಅದನ್ನು ಕಳೆದರೆ 11. ಅಂದರೆ 11/24, ಸುಮಾರು 0.458. ಐದು ವರ್ಷಕ್ಕೆ 53/120, ಅಂದರೆ 0.442. 0.368ರ ಕಡೆಗೆ ಇಳಿಯುತ್ತಿದೆ, ಆದರೆ ನಿಧಾನ.

ಮಣಿಪಾಲದ ಸಂಶೋಧಕಿ

ನಿಧಾನಕ್ಕೆ ಕಾರಣ ಆ ತುದಿಯ 1/ಎನ್. ಎನ್ ವರ್ಷಕ್ಕೆ ಉತ್ತರ ಹೆಚ್ಚು ಕಡಿಮೆ (1/ಇ) × (1 + 1/ಎನ್). ನೂರು ವರ್ಷಕ್ಕೆ 0.3716. ನಿಮ್ಮ 11ನ್ನು 9 + 2 ಎಂದು ಒಡೆದು ನೋಡಿ: ನಾಲ್ವರಲ್ಲಿ ಯಾರಿಗೂ ಸ್ವಂತ ಕೊಡೆ ಸಿಗದ ಕ್ರಮಗಳು 9, ಮೂವರಲ್ಲಿ 2. 53 ಎಂಬುದು 44 + 9.

ಸುರತ್ಕಲ್ ಇಂಜಿನಿಯರ್

ಒಪ್ಪಿದೆ. ಆದರೆ ಮೊದಲ ವರ್ಷವನ್ನು ದಾಖಲೆ ಎಂದು ಎಣಿಸುವುದು ನನಗೆ ಸರಿಕಾಣುವುದಿಲ್ಲ. ಹೋಲಿಸಲು ಏನೂ ಇಲ್ಲದಾಗ ಎಂಥ ದಾಖಲೆ? ಎರಡನೇ ವರ್ಷದಿಂದ ಎಣಿಸಿದರೆ ಜೋಡಿಗಳ ಸರಾಸರಿ 1/2. ಆಗ ಒಂದೂ ಜೋಡಿ ಬಾರದ ಸಂಭವನೀಯತೆ ಎಷ್ಟು? ಪಾಯ್ಸಾನ್ ಎಂದು ನಂಬಿ ಇ ಘಾತ −1/2 ಎಂದು ಬರೆದರೆ 0.607 ಬರುತ್ತದೆ.

ನಿವೃತ್ತ ಉಪನ್ಯಾಸಕ, ಉಡುಪಿ

0.607 ಅಲ್ಲ. ಇಲ್ಲಿ ಪಾಯ್ಸಾನ್ ನಿಲ್ಲುವುದಿಲ್ಲ. ಕೊಡೆಗಳನ್ನೂ ಬಿಟ್ಟು ಶುದ್ಧ ವಿಶ್ಲೇಷಣೆಯಿಂದಲೇ ಇದನ್ನು ಬಿಡಿಸಬಹುದು. ನನಗೆ ಈ ದಾರಿಯೇ ಹೆಚ್ಚು ಇಷ್ಟ, ಸ್ವಲ್ಪ ತಾಳ್ಮೆಯಿಂದ ಓದಿ.

ಕೆನೇ ವರ್ಷದಿಂದ ಎಣಿಸಲು ಶುರುಮಾಡಿದರೆ ಒಂದೂ ಜೋಡಿ ಬಾರದ ಸಂಭವನೀಯತೆಯನ್ನು ಪ(ಕೆ) ಎನ್ನೋಣ. ಕೆನೇ ವರ್ಷ ದಾಖಲೆ ಅಲ್ಲದಿದ್ದರೆ ಕೆ+1ರಿಂದ ಹೊಸದಾಗಿ ಶುರು. ದಾಖಲೆಯಾದರೆ ಕೆ+1 ದಾಖಲೆ ಆಗಬಾರದು, ಆಮೇಲೆ ಕೆ+2ರಿಂದ ಶುರು. ಗುಣಿಸಿ ಸರಳಗೊಳಿಸಿದರೆ:

ಪ(ಕೆ) = ((ಕೆ−1)/ಕೆ) × ಪ(ಕೆ+1) + (1/(ಕೆ+1)) × ಪ(ಕೆ+2)

ಈಗ (1−ಯು)ವಿನ ಎಂನೇ ಘಾತವನ್ನು ಇ ಘಾತ −ಯುವಿನಿಂದ ಗುಣಿಸಿ, ಯು 0ಯಿಂದ 1ರವರೆಗೆ ಅನುಕಲಿಸಿ. ಅದಕ್ಕೆ ಜ(ಎಂ) ಎಂದು ಹೆಸರಿಡೋಣ. ಭಾಗಶಃ ಅನುಕಲನದಿಂದ ಒಂದೇ ಸಾಲಿನಲ್ಲಿ ಸಿಗುತ್ತದೆ: ಜ(ಎಂ) = 1 − ಎಂ × ಜ(ಎಂ−1).

ಪ(ಕೆ) = 1 − ಜ(ಕೆ−1) ಎಂಬುದು ನನ್ನ ಹೇಳಿಕೆ. ಕೆ 2 ಅಥವಾ ಹೆಚ್ಚಿದ್ದಾಗ ಇದನ್ನೇ (ಕೆ−1) × ಜ(ಕೆ−2) ಎಂದೂ ಬರೆಯಬಹುದು. ಮೇಲಿನ ಸಮೀಕರಣದ ಬಲಬದಿಗೆ ಹಾಕಿ. (ಕೆ−1) × ಜ(ಕೆ−1) + ಜ(ಕೆ) ಬರುತ್ತದೆ. ಜ(ಕೆ)ಯ ಜಾಗದಲ್ಲಿ 1 − ಕೆ × ಜ(ಕೆ−1) ಇಟ್ಟರೆ ಉಳಿಯುವುದು 1 − ಜ(ಕೆ−1). ಎಡಬದಿಯೂ ಅದೇ.

ಸಮೀಕರಣಕ್ಕೆ ಬೇರೆ ಪರಿಹಾರವೂ ಇರಬಹುದಲ್ಲ ಎಂದು ಕೇಳುವವರು ಕೇಳಲೇಬೇಕು. ನಿಜವಾದ ಪ(ಕೆ) 1ಕ್ಕೆ ಹೋಗುತ್ತದೆ, ಏಕೆಂದರೆ ಕೆಯಿಂದಾಚೆ ಜೋಡಿ ಬರುವ ಸಂಭವನೀಯತೆ ಹೆಚ್ಚೆಂದರೆ 1/ಕೆ. ನಮ್ಮ ಸೂತ್ರವೂ 1ಕ್ಕೆ ಹೋಗುತ್ತದೆ. ಇವೆರಡರ ವ್ಯತ್ಯಾಸವೂ ಅದೇ ಸಮೀಕರಣವನ್ನು ಪಾಲಿಸುತ್ತದೆ, ಮತ್ತು ಅಲ್ಲಿನ ಎರಡು ಗುಣಾಂಕಗಳ ಮೊತ್ತ 1 − 1/(ಕೆ(ಕೆ+1)), ಅಂದರೆ 1ಕ್ಕಿಂತ ಕಡಿಮೆ. ಹಾಗಾಗಿ ಯಾವುದೇ ಹಂತದ ವ್ಯತ್ಯಾಸ ಅದರ ಮುಂದಿನ ಎರಡು ವ್ಯತ್ಯಾಸಗಳಲ್ಲಿ ದೊಡ್ಡದನ್ನು ಮೀರುವುದಿಲ್ಲ. ಅವು ಸೊನ್ನೆಗೆ ಹೋಗುತ್ತವೆ, ಆದ್ದರಿಂದ ಮೊದಲಿನಿಂದಲೂ ಸೊನ್ನೆಯೇ.

ಇನ್ನು ಉತ್ತರ. ಜ(0) = 1 − 1/ಇ, ಆದ್ದರಿಂದ ಪ(1) = 1/ಇ. ಮೇಡಂ ಕೊಡೆಗಳಿಂದ ತೆಗೆದದ್ದೇ ಬಂತು. ಜ(1) = 1/ಇ, ಆದ್ದರಿಂದ ಪ(2) = 1 − 1/ಇ, ಅಂದರೆ 0.632. ಮೊದಲ ವರ್ಷವನ್ನು ಎಣಿಸಿದರೆ 0.368, ಬಿಟ್ಟರೆ 0.632. ಎರಡೂ ಸೇರಿದರೆ ಸರಿಯಾಗಿ ಒಂದು!

ಮಣಿಪಾಲದ ಸಂಶೋಧಕಿ

ಸರ್, ಆ ಅನುಕಲನದೊಳಗೇ ವಿತರಣೆಯೂ ಅಡಗಿದೆ. ಪ(2)ನ್ನು ಜ(0) ಎಂದು ಓದಿದರೆ, ಅದು ಇ ಘಾತ −ಯುವನ್ನು 0ಯಿಂದ 1ರವರೆಗೆ ಸರಾಸರಿ ತೆಗೆದದ್ದು. ಅಂದರೆ 0 ಮತ್ತು 1ರ ನಡುವೆ ಯು ಎಂಬ ಸಂಖ್ಯೆಯನ್ನು ಸಮವಾಗಿ ಆರಿಸಿ, ಆಮೇಲೆ ಸರಾಸರಿ ಯು ಇರುವ ಪಾಯ್ಸಾನ್ ತೆಗೆದರೆ ಎರಡನೇ ವರ್ಷದಿಂದಾಚೆಯ ಜೋಡಿಗಳ ವಿತರಣೆ ಸಿಗುತ್ತದೆ. ಸರಾಸರಿ 1/2 ಹೊಂದುತ್ತದೆ, ಆದರೆ ಯು ಅಲುಗಾಡುವುದರಿಂದ ಸೊನ್ನೆಯ ಪಾಲು 0.607ಕ್ಕಿಂತ ಹೆಚ್ಚು. ಇಂಜಿನಿಯರ್ ಅವರ ಊಹೆ ತಪ್ಪಿಹೋಗಲು ಕಾರಣ ಇದೇ.

ಕೊಣಾಜೆಯ ವಿದ್ಯಾರ್ಥಿನಿ

ಸರ್, ಮೂರನೇ ವರ್ಷದಿಂದ ಶುರುಮಾಡಿ ತಾಳೆ ನೋಡಿದೆ. ನಿಮ್ಮ ಸೂತ್ರದಲ್ಲಿ ಜ(2) = 1 − 2/ಇ, ಆದ್ದರಿಂದ ಪ(3) = 2/ಇ, ಅಂದರೆ 0.736. ನಾನು 24 ಕ್ರಮಗಳಲ್ಲಿ ಮಾಡಿದ ರೀತಿಯಲ್ಲೇ ಹೋದರೆ, ಮೊದಲ ವರ್ಷದಿಂದ ಜೋಡಿ ಬಾರದಿರಲು ಎರಡನೇ ವರ್ಷ ದಾಖಲೆಯಾಗಬಾರದು, ಆಮೇಲೆ ಮೂರರಿಂದಾಚೆ ಜೋಡಿ ಬರಬಾರದು: 1/2 × 2/ಇ = 1/ಇ. ಎರಡು ದಾರಿಯೂ ಕೂಡಿಬಂದವು.